ಪುಣೆ ಯೂನಿವರ್ಸಿಟಿಯ ಹೆಸರು ದೊಡ್ಡದು, ಸರಿ. ಬಯಾಲಜಿ ಓದುವವರಿಗೆ ಅಲ್ಲಿ ಏನಿದೆ?

ಮಗಳು ಧಾರವಾಡದಲ್ಲಿ ಬಿಎಸ್ಸಿ ಮುಗಿಸುತ್ತಿದ್ದಾಳೆ, ಎಂಎಸ್ಸಿಗೆ ಪುಣೆಗೆ ಕಳಿಸಬೇಕಾ, ಪುಣೆಯನ್ನು ‘ಪೂರ್ವದ ಆಕ್ಸ್‌ಫರ್ಡ್’ ಅನ್ನುವುದು ಬರೀ ಹೆಸರಾ ಎಂದು ಕೇಳಿದ್ದೀರಿ. ನಾನು ವಿಜಾಪುರದವಳು. ಪುಣೆ ಯೂನಿವರ್ಸಿಟಿಯಲ್ಲೇ ಪ್ರಾಣಿಶಾಸ್ತ್ರ ಓದಿ ಪುಣೆಯಲ್ಲೇ ಉಳಿದೆ. ಆ ಬಿರುದನ್ನು ನಂಬಿ ಯಾರೂ ಬರಬೇಕಿಲ್ಲ. ಅಕ್ಕಪಕ್ಕದ ಲ್ಯಾಬ್‌ಗಳನ್ನು ನೋಡಿ ಬರಬೇಕು.

ಹಳಮೆಯ ವಿಷಯಕ್ಕೆ ಬಂದರೆ, ಈಗ ಸಾವಿತ್ರಿಬಾಯಿ ಫುಲೆ ಹೆಸರಿರುವ ಈ ಯೂನಿವರ್ಸಿಟಿ ಶುರುವಾದದ್ದು 1949ರಲ್ಲಿ. ಅಲ್ಲಿಯವರೆಗೆ ಪುಣೆಯ ಕಾಲೇಜುಗಳೂ ನಿಮ್ಮ ಧಾರವಾಡದ ಕರ್ನಾಟಕ ಕಾಲೇಜೂ ಬಾಂಬೆ ಯೂನಿವರ್ಸಿಟಿಗೇ ಸೇರಿದ್ದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ ವರ್ಷ. ವಯಸ್ಸಿನಲ್ಲಿ ಎರಡೂ ಓರಗೆಯವು!

ಪುಣೆ ಯೂನಿವರ್ಸಿಟಿಯ ಮುಖ್ಯ ಕಟ್ಟಡ ಮಾತ್ರ ನಿಜಕ್ಕೂ ಹಳೆಯದು. ಗಣೇಶಖಿಂಡ್‌ನಲ್ಲಿದ್ದ ಬ್ರಿಟಿಷ್ ಗವರ್ನರ್ ಬಂಗಲೆ ಅದು. 1897ರ ಜೂನ್ 22ರ ರಾತ್ರಿ ಅಲ್ಲಿ ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವ. ಮುಗಿಸಿಕೊಂಡು ಹೊರಟ, ಪುಣೆಯಲ್ಲಿ ಪ್ಲೇಗ್ ತಡೆಯುವ ಹೊಣೆ ಹೊತ್ತಿದ್ದ ಬ್ರಿಟಿಷ್ ಅಧಿಕಾರಿ ರ‍್ಯಾಂಡ್‌ಗೆ ಚಾಪೇಕರ್ ಸಹೋದರರು ದಾರಿಯಲ್ಲೇ ಗುಂಡು ಹೊಡೆದರು. ಪ್ಲೇಗ್ ರೋಗಿಗಳನ್ನು ಹುಡುಕುತ್ತೇವೆ ಎಂದು ಸೋಲ್ಜರುಗಳು ಮನೆಮನೆಗೆ ನುಗ್ಗಿ ಜನ ರೋಸಿಹೋಗಿದ್ದರು. ರೋಗದ ಬಗ್ಗೆ ಓದುವ ಪ್ರತಿಯೊಬ್ಬರಿಗೂ ಈ ಕಥೆ ಗೊತ್ತಿರಲಿ ಅಂತ ನನ್ನ ಆಸೆ.

ಈಗ ಲ್ಯಾಬ್‌ಗಳು. ಕ್ಯಾಂಪಸ್ ಒಳಗೇ ಕೇಂದ್ರ ಸರ್ಕಾರದ ಜೀವಕೋಶ ವಿಜ್ಞಾನ ಕೇಂದ್ರ ಎನ್‌ಸಿಸಿಎಸ್ ಇದೆ. ಪ್ರಾಣಿಗಳ, ಮನುಷ್ಯರ ಸೆಲ್ ಲೈನ್‌ಗಳನ್ನು, ಅಂದರೆ ಲ್ಯಾಬ್‌ನಲ್ಲಿ ಬೆಳೆಸುತ್ತಾ ಹೋಗುವ ಜೀವಕೋಶಗಳನ್ನು, ಕಾಪಾಡಿ ದೇಶದ ಬೇರೆ ಲ್ಯಾಬ್‌ಗಳಿಗೆ ಕೊಡುವ ಜಾಗ. ಪುಣೆಯದೇ ಪಾಷಾಣ್ ಕಡೆ ಹೊರಟರೆ ರಾಷ್ಟ್ರೀಯ ರಸಾಯನಶಾಸ್ತ್ರ ಪ್ರಯೋಗಾಲಯ ಎನ್‌ಸಿಎಲ್, ಕೇಂದ್ರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ ಐಸರ್. ಊರೊಳಗೆ ಅಘಾರ್ಕರ್ ಸಂಶೋಧನಾ ಸಂಸ್ಥೆ. ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ರಾಷ್ಟ್ರೀಯ ವೈರಾಣು ಸಂಸ್ಥೆ ಎನ್‌ಐವಿ. 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ ವೈರಸ್ ಸಂಶೋಧನಾ ಕೇಂದ್ರ ಅಂತ ಶುರುಮಾಡಿದ್ದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೂ ಜ್ವರ ಬಂತು. ಹಳದಿ ಜ್ವರ ಇರಬಹುದಾ ಎಂಬ ಹೆದರಿಕೆ ಬೇರೆ. ಅದಲ್ಲ, ಉಣ್ಣಿ ಕಚ್ಚಿ ಹರಡುವ ಹೊಸ ವೈರಸ್ ಇದು ಎಂದು ಪತ್ತೆಹಚ್ಚಿದವರು ಈ ಪುಣೆಯವರೇ. ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ಗುಟ್ಟು ಬಯಲಾದದ್ದು ಇಲ್ಲಿ, ನೋಡಿ.

ವಿದೇಶಿ ವಿದ್ಯಾರ್ಥಿಗಳು ಇದ್ದಾರೆ, ಆಫ್ರಿಕಾ, ಪಶ್ಚಿಮ ಏಷ್ಯಾದಿಂದ ಬರುತ್ತಾರೆ. ಅದರಿಂದ ನಿಮ್ಮ ಮಗಳಿಗೆ ನೇರವಾಗಿ ಏನೂ ಸಿಗುವುದಿಲ್ಲ. ಎಫ್‌ಸಿ ರೋಡಿನ ರಾನಡೆ ಇನ್‌ಸ್ಟಿಟ್ಯೂಟ್‌ನಲ್ಲಿ ಯೂನಿವರ್ಸಿಟಿಯದೇ ಭಾಷಾ ಕೋರ್ಸ್‌ಗಳಿವೆ. ಮುಂದೆ ಪಿಎಚ್‌ಡಿಗೆ ಹೊರದೇಶದ ಯೋಚನೆ ಇದ್ದರೆ ಜರ್ಮನ್ನೋ ಜಪಾನೀಸೋ ಕಲಿತಿಟ್ಟುಕೊಳ್ಳಲಿ, ಸುಮ್ನೆ ಹೋಗುವುದಿಲ್ಲ.

ಅಡ್ಮಿಷನ್‌ಗೆ ಮುಂಚೆ ವಿಭಾಗದವರನ್ನು ಒಂದು ಮಾತು ಕೇಳಿ: ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್‌ ಅನ್ನು ಈ ಹೊರಗಿನ ಲ್ಯಾಬ್‌ಗಳಲ್ಲಿ ಮಾಡಲು ಬಿಡುತ್ತೀರಾ ಅಂತ. ಹೌದು ಎಂದರೆ ಕಣ್ಣುಮುಚ್ಚಿ ಕಳಿಸಿ. ಇಲ್ಲ ಎಂದರೆ ಧಾರವಾಡವೇ ಸಾಕು, ಮನೆ ಊಟವಾದರೂ ಸಿಗುತ್ತದೆ.