ಬೇರೆಯವರ ಪೆನ್ನನ್ನೂ ಮುಟ್ಟದ ಹುಡುಗ ಕ್ರ್ಯಾಕ್ ಸಾಫ್ಟ್‌ವೇರ್, ಅಂದ್ರೆ ದುಡ್ಡು ಕೊಡದೆ ಬಳಸಲು ಬೀಗ ಮುರಿದ ಕಳ್ಳಪ್ರತಿ, ಹಾಕಿಕೊಳ್ಳುವುದು ಏಕೆ?

ಮುಖ್ಯ ಕಾರಣ ಗೆಳೆಯರು. ದಾವಣಗೆರೆ ವಿದ್ಯಾನಗರದ ಒಂದು ಪಿಜಿ ರೂಮು ಅಂದುಕೊಳ್ಳಿ. ಒಬ್ಬನ ಪೆನ್‌ಡ್ರೈವ್‌ನಲ್ಲಿ ಫೋಟೋಶಾಪ್, ಪಕ್ಕದಲ್ಲೇ ‘ಮೊದಲು ಆಂಟಿವೈರಸ್ ಆಫ್ ಮಾಡು’ ಅನ್ನೋ ನೋಟ್‌ಪ್ಯಾಡ್ ಫೈಲು. ಗೆಳೆಯ ಸುಮ್ನೆ ಫೈಲ್ ಕೊಟ್ಟು ಹೋಗುವುದಿಲ್ಲ. ಹಾಕುವುದು ಹೇಗೆಂದು ಕಲಿಸುತ್ತಾನೆ, ‘ಎಲ್ರೂ ಇದನ್ನೇ ಹಾಕೋದು ಬಿಡೋ’ ಅಂತ ಧೈರ್ಯವನ್ನೂ ತುಂಬುತ್ತಾನೆ. ಅಪರಾಧಶಾಸ್ತ್ರಜ್ಞ ರೊನಾಲ್ಡ್ ಏಕರ್ಸ್ ಹೇಳಿದ ಸಾಮಾಜಿಕ ಕಲಿಕೆ ಅಂದ್ರೆ ಇದೇ.

ಇನ್ನೊಂದು, ಸ್ವನಿಯಂತ್ರಣ. ಅಪರಾಧಶಾಸ್ತ್ರಜ್ಞರಾದ ಗಾಟ್‌ಫ್ರೆಡ್‌ಸನ್ ಮತ್ತು ಹಿರ್ಷಿ 1990ರಲ್ಲಿ ಇದನ್ನು ವಿವರಿಸಿದರು: ಈಗಲೇ ಬೇಕು ಅನ್ನುವವರಿಗೆ ಮುಂದಿನ ನಷ್ಟ ಕಾಣಿಸುವುದಿಲ್ಲ. ಇಂಥವರು ತಮ್ಮಂಥ ಗೆಳೆಯರನ್ನೇ ಹುಡುಕಿಕೊಳ್ಳುವುದೂ ಜಾಸ್ತಿ. ಹಾಗಾಗಿ ಎರಡು ಕಾರಣಗಳೂ ಒಂದರೊಳಗೊಂದು ಸೇರಿಕೊಂಡಿರುತ್ತವೆ.

ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 63ಬಿ ಪ್ರಕಾರ, ಗೊತ್ತಿದ್ದೂ ಕಳ್ಳಪ್ರತಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು ಆಗಬಹುದು. ಆದರೆ ಮನೆಯಲ್ಲಿ ಬರೀ ಇದನ್ನೇ ಹೇಳಿ ಹೆದರಿಸುವುದು ನನಗೆ ಸರಿ ಕಾಣುವುದಿಲ್ಲ. ಗುಂಪಿನಲ್ಲಿ ಯಾರ ಮಾತು ನಡೆಯುತ್ತದೋ ಅವನಿಗೆ ಚಿತ್ರ ಬಿಡಿಸುವ ಕ್ರಿಟಾ, 3ಡಿ ಕೆಲಸದ ಬ್ಲೆಂಡರ್, ಕಚೇರಿ ಕೆಲಸದ ಲಿಬ್ರೆಆಫೀಸ್ ತೋರಿಸಿ. ಮೂರೂ ಉಚಿತ. ಅವನು ಹಾಕಿಕೊಂಡರೆ ಉಳಿದವರೂ ‘ನಂಗೂ ಹಾಕ್ಕೊಡೋ’ ಅಂತಾರೆ.