ಓದಿದ ಪುಸ್ತಕಗಳ ದಾಖಲೆ: ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ಕಾದಂಬರಿ, ವಚನ, ಕೃಷಿ, ನಮ್ಮ ಜಿಲ್ಲೆಯ ಚರಿತ್ರೆ, ಇಂಗ್ಲಿಷಿನ ವಿಜ್ಞಾನ ಪುಸ್ತಕಗಳು ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ. ಓದಿದ್ದನ್ನು ಬರೆದಿಡಬೇಕೆಂದು ವಿಷಯಕ್ಕೊಂದು ನೋಟ್‌ಬುಕ್ ಮಾಡಿಕೊಂಡೆ. ಆದರೆ ಎಷ್ಟೋ ಪುಸ್ತಕಗಳನ್ನು ಯಾವುದರಲ್ಲಿ ಬರೆಯಬೇಕೆಂದೇ ತಿಳಿಯುವುದಿಲ್ಲ. ಗ್ರಂಥಾಲಯದವರಂತೆ ಸಂಖ್ಯೆ ಕೊಟ್ಟು ವರ್ಗೀಕರಿಸಬೇಕೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ವಿಷಯಕ್ಕೊಂದು ನೋಟ್‌ಬುಕ್ ಎಂಬ ಏರ್ಪಾಡನ್ನು ಕೈಬಿಡುವುದೇ ಒಳ್ಳೆಯದು. ಗಟ್ಟಿ ರಟ್ಟಿನ ಒಂದೇ ರಿಜಿಸ್ಟರ್ ಇರಲಿ. ಓದಿ ಮುಗಿಸಿದ ಕ್ರಮದಲ್ಲಿಯೇ ಒಂದರ ಕೆಳಗೊಂದು ಪುಸ್ತಕವನ್ನು ಬರೆಯುತ್ತ, ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಕೊಡುತ್ತ ಹೋಗಿ. ವಿಂಗಡಿಸುವ ಕೆಲಸವನ್ನು ರಿಜಿಸ್ಟರಿನ ಕೊನೆಯ ಪುಟಗಳಲ್ಲಿ ಬರುವ ವಿಷಯಸೂಚಿಗೆ ಬಿಟ್ಟುಬಿಡಿ.

ಗ್ರಂಥಾಲಯದ ವರ್ಗೀಕರಣ ಹುಟ್ಟಿದ್ದು ಬೇರೆಯದೇ ಅಗತ್ಯದಿಂದ. ಪುಸ್ತಕದ ಒಂದು ಪ್ರತಿ ಕಪಾಟಿನಲ್ಲಿ ಒಂದೇ ಕಡೆ ನಿಲ್ಲಬಲ್ಲದು, ಆದುದರಿಂದ ಅದಕ್ಕೆ ಒಂದೇ ಸಂಖ್ಯೆ ಬೇಕು. ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ, ನಮ್ಮ ಅನೇಕ ಗ್ರಂಥಾಲಯಗಳಲ್ಲಿಯೂ ಬಳಕೆಯಲ್ಲಿರುವ ದಶಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಕಬ್ಬಿನ ಬೇಸಾಯಕ್ಕೆ 633.61, ಕರ್ನಾಟಕದ ಚರಿತ್ರೆಗೆ 954.87 ಎಂಬ ಸಂಖ್ಯೆಗಳಿವೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗಿ, ನಿಮ್ಮ ಸೀಮೆಯ ಬೇಸಾಯ ಬದಲಾದ ಬಗೆಯನ್ನು ಹೇಳುವ ಪುಸ್ತಕವೊಂದು ನಿಮ್ಮ ಕೈಗೆ ಬಂತೆಂದುಕೊಳ್ಳಿ. ಅದು ಚರಿತ್ರೆಯೂ ಹೌದು, ನೀರಾವರಿಯೂ ಹೌದು, ಕೃಷಿಯೂ ಹೌದು, ಅರ್ಥಶಾಸ್ತ್ರವೂ ಹೌದು. ಗ್ರಂಥಪಾಲಕರಾದರೋ ಇವುಗಳಲ್ಲಿ ಒಂದನ್ನು ಆರಿಸಲೇಬೇಕು. ಈ ಇಕ್ಕಟ್ಟನ್ನು ಚೆನ್ನಾಗಿ ಬಲ್ಲ ಗ್ರಂಥಪಾಲಕ ಎಸ್.ಆರ್. ರಂಗನಾಥನ್ ಅವರು 1933ರಲ್ಲಿ ಹೊರತಂದ ಕೋಲನ್ ವರ್ಗೀಕರಣದಲ್ಲಿ ವಿಷಯವನ್ನು ಹಲವು ಮುಖಗಳಾಗಿ ಬಿಡಿಸಿ, ಅವನ್ನು ವಿರಾಮಚಿಹ್ನೆಗಳಿಂದ ಜೋಡಿಸುವ ದಾರಿ ಹುಡುಕಿದರು. ಆದರೂ ಕೊನೆಗೆ ಪುಸ್ತಕ ಹೋಗಿ ನಿಲ್ಲುವುದು ಒಂದೇ ಕಪಾಟಿನಲ್ಲಿ. ನಿಮ್ಮ ರಿಜಿಸ್ಟರಿಗೆ ಈ ಕಟ್ಟುಪಾಡೇ ಇಲ್ಲ. ನಮೂದು ಒಂದೇ ಕಡೆ ಇದ್ದು, ಅದರ ಕ್ರಮಸಂಖ್ಯೆ ವಿಷಯಸೂಚಿಯಲ್ಲಿ ‘ಕಬ್ಬು’, ‘ನಾಲೆ’, ‘ಮಂಡ್ಯ’, ‘ಸಹಕಾರ’ ಎಂಬ ನಾಲ್ಕು ಕಡೆ ಬಂದರೆ ಯಾರ ಅಡ್ಡಿಯೂ ಇಲ್ಲ. ಬಗೆಬಗೆಯ ಓದು ಉಳ್ಳವರಿಗೆ ಈ ಸೂಚಿಯೇ ಮುಖ್ಯ. ಕಾದಂಬರಿಯೊಂದರಲ್ಲಿ ಬಂದ ಗಾಣದ ವರ್ಣನೆಯೂ ಕೃಷಿ ಪುಸ್ತಕದ ಕಬ್ಬಿನ ತಳಿಯ ಮಾತೂ ಒಂದರ ಪಕ್ಕದಲ್ಲೊಂದು ಕಾಣಿಸಿಕೊಳ್ಳುವುದು ಅಲ್ಲಿ ಮಾತ್ರ.

ಸೂಚಿಯನ್ನು ಕಟ್ಟುವುದಕ್ಕೆ ಹಳೆಯದೊಂದು ಉಪಾಯವಿದೆ. ತತ್ತ್ವಶಾಸ್ತ್ರಜ್ಞ ಜಾನ್ ಲಾಕ್ 1686ರಲ್ಲಿ ತನ್ನ ಟಿಪ್ಪಣಿ ಪುಸ್ತಕದ ವಿಧಾನವನ್ನು ಪ್ರಕಟಿಸಿದ. ಶೀರ್ಷಿಕೆಯ ಮೊದಲ ಅಕ್ಷರ ಮತ್ತು ಅದರ ಅನಂತರ ಬರುವ ಮೊದಲ ಸ್ವರ ಇವೆರಡನ್ನು ಹಿಡಿದು, ಇಪ್ಪತ್ತು ಅಕ್ಷರಗಳಿಗೆ ತಲಾ ಐದು ಸ್ವರಗಳಂತೆ ನೂರು ಮನೆಗಳನ್ನು ಎರಡು ಪುಟದಲ್ಲಿ ಗೆರೆ ಹಾಕಿ, ಆಯಾ ಮನೆಯಲ್ಲಿ ಪುಟಸಂಖ್ಯೆಯನ್ನಷ್ಟೇ ಬರೆಯುವ ಕ್ರಮ ಅದು. ಅವನು ಎರಡು ಅಕ್ಷರಗಳನ್ನು ನೋಡಿ ಮಾಡಬೇಕಾದ ಕೆಲಸವನ್ನು ನಮ್ಮ ಕಾಗುಣಿತ ಒಂದೇ ಅಕ್ಷರದಲ್ಲಿ ಮಾಡಿಕೊಡುತ್ತದೆ. ಪ್ರತಿ ವ್ಯಂಜನಕ್ಕೆ ಅರ್ಧ ಪುಟ ಬಿಟ್ಟು, ಅದನ್ನು ಅ–ಆ, ಇ–ಈ, ಉ–ಊ–ಋ, ಎ–ಏ–ಐ, ಒ–ಓ–ಔ ಎಂದು ಐದು ಮನೆ ಮಾಡಿದರೆ ಕಬ್ಬು ಮತ್ತು ಕಾಲುವೆ ಮೊದಲನೆಯ ಮನೆಗೆ, ಕೆರೆ ನಾಲ್ಕನೆಯದಕ್ಕೆ, ಕೊಡಗು ಐದನೆಯದಕ್ಕೆ ಸೇರುತ್ತವೆ. ಕ, ಮ, ಸ ಈ ಮೂರಕ್ಕೆ ಇಡೀ ಪುಟವನ್ನೇ ಬಿಡಿ, ಕನ್ನಡದಲ್ಲಿ ಅವು ಬೇಗ ತುಂಬುತ್ತವೆ. ಅಲ್ಪಪ್ರಾಣ, ಮಹಾಪ್ರಾಣಗಳನ್ನು ಒಟ್ಟಿಗೆ ಇಡಬಹುದು. ಙ, ಞ, ಣ, ಳಗಳಿಗೆ ಜಾಗ ಬಿಡುವುದು ಕಾಗದಕ್ಕೆ ದಂಡ.

ಇನ್ನು ನಮೂದಿನಲ್ಲಿ ಏನಿರಬೇಕು? ಹೆಸರು, ಲೇಖಕರು, ಪ್ರಕಾಶಕರು, ಮುದ್ರಣದ ವರ್ಷ ಇವಿಷ್ಟು ಒಂದು ಸಾಲಿನಲ್ಲಿ ಮುಗಿಯಲಿ. ಕಥೆಯ ಸಾರಾಂಶ ಬರೆಯುವ ಗೋಜಿಗೆ ಹೋಗಬೇಡಿ; ಹೆಚ್ಚಿನವರ ದಾಖಲೆ ನಿಂತುಹೋಗುವುದು ಸಾರಾಂಶದ ಭಾರದಿಂದಲೇ, ಮತ್ತು ಸಾರಾಂಶ ಬೇರೆಡೆಯೂ ಸಿಗುವ ವಸ್ತು. ಇನ್ನೆಲ್ಲಿಯೂ ಸಿಗದ್ದನ್ನು ಬರೆಯಿರಿ: ಯಾವ ತಿಂಗಳಲ್ಲಿ ಓದಿದಿರಿ, ಯಾರ ಮಾತು ಕೇಳಿ ಎತ್ತಿಕೊಂಡಿರಿ, ಜಿಲ್ಲಾ ಕೇಂದ್ರ ಗ್ರಂಥಾಲಯದ್ದೋ ನೆರೆಮನೆಯವರದೋ ನಿಮ್ಮದೋ, ಯಾವ ಪುಟದ ಮಾತಿಗೆ ನಿಮ್ಮ ಒಪ್ಪಿಗೆಯಿಲ್ಲ, ಯಾವುದನ್ನು ಓದುವಾಗ ಹಿಂದೆ ಓದಿದ ಯಾವ ಪುಸ್ತಕ ನೆನಪಿಗೆ ಬಂತು. ಈ ಕೊನೆಯದನ್ನು ಹಿಂದಿನ ಪುಸ್ತಕದ ಕ್ರಮಸಂಖ್ಯೆಯೊಡನೆ ಬರೆದು, ಆ ಹಳೆಯ ನಮೂದಿನ ಅಂಚಿನಲ್ಲಿಯೂ ಹೊಸ ಸಂಖ್ಯೆಯನ್ನು ಗುರುತು ಮಾಡಿದರೆ ಎರಡೂ ಕಡೆಯಿಂದ ದಾರಿ ತೆರೆದಿರುತ್ತದೆ. ಇದಕ್ಕಾಗಿ ಪುಟದ ಎಡಗಡೆ ಎರಡು ಬೆರಳಿನಷ್ಟು ಅಂಚು ಬಿಟ್ಟಿರಬೇಕು.

ಪುಟಸಂಖ್ಯೆಯನ್ನು ಗುರುತು ಮಾಡುವವರು ಮುದ್ರಣವನ್ನೂ ಗುರುತು ಮಾಡಲೇಬೇಕು. ಕನ್ನಡದಲ್ಲಿ ಹೆಸರಾದ ಕೃತಿಗಳು ಕಾಲಕಾಲಕ್ಕೆ ಪ್ರಕಾಶಕರನ್ನು ಬದಲಿಸುತ್ತವೆ. ಕ್ರೌನ್ ಎಂಬ ಚಿಕ್ಕ ಪುಟದ ಅಳತೆಯಲ್ಲಿದ್ದದ್ದು ಡೆಮಿ ಎಂಬ ದೊಡ್ಡ ಅಳತೆಗೆ ಬಂದಾಗ, ಅಕ್ಷರ ಮತ್ತೆ ಜೋಡಿಸಿದಾಗ ಪುಟಗಳೆಲ್ಲ ಕದಲುತ್ತವೆ. ಅಧ್ಯಾಯದ ಸಂಖ್ಯೆಯನ್ನೂ ಜೊತೆಗೆ ಬರೆದಿಟ್ಟರೆ ಯಾವ ಮುದ್ರಣ ಕೈಗೆ ಸಿಕ್ಕರೂ ಆ ಭಾಗ ಸಿಗುತ್ತದೆ.

ಪ್ರಶ್ನೆ: ನಾನು ಮಾನಸಗಂಗೋತ್ರಿಯಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಓದಿನ ದಾಖಲೆಯನ್ನು ಕಂಪ್ಯೂಟರಿನಲ್ಲಿ ಇಡುವುದು ಲೇಸೇ? ಕಾವ್ಯನಾಮಗಳನ್ನು ಹೇಗೆ ನಮೂದಿಸಬೇಕು?
– ಸಂಶೋಧನಾ ವಿದ್ಯಾರ್ಥಿ, ಮೈಸೂರು

ಉತ್ತರ: ಸಂಶೋಧಕರಿಗೆ ಕಂಪ್ಯೂಟರ್ ಅನುಕೂಲವೇ, ಏಕೆಂದರೆ ವಿಷಯಸೂಚಿಯನ್ನು ಪ್ರತ್ಯೇಕವಾಗಿ ಕಟ್ಟುವ ಶ್ರಮ ತಪ್ಪುತ್ತದೆ. ಇದಕ್ಕೆಂದೇ ತಯಾರಾದ ಆ್ಯಪುಗಳಿಗಿಂತ ಸಾಧಾರಣ ಸ್ಪ್ರೆಡ್‌ಶೀಟ್ ಮೇಲು ಎಂಬುದು ನನ್ನ ಅಭಿಪ್ರಾಯ. ಆ್ಯಪ್ ನಿಂತುಹೋದರೆ ಅದರೊಡನೆ ನಿಮ್ಮ ದಾಖಲೆಯೂ ಹೋಗಬಹುದು, ಸ್ಪ್ರೆಡ್‌ಶೀಟನ್ನು ಯಾವ ಕಂಪ್ಯೂಟರಾದರೂ ತೆರೆಯುತ್ತದೆ. ಕನ್ನಡದಲ್ಲಿ ಬರೆಯುವವರು ಮೊದಲು ನೋಡಿಕೊಳ್ಳಬೇಕಾದದ್ದು ಯೂನಿಕೋಡ್, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಎಲ್ಲ ಕಂಪ್ಯೂಟರುಗಳಲ್ಲಿ ಒಂದೇ ಸಂಕೇತ ಕೊಡುವ ವ್ಯವಸ್ಥೆ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕಡತಗಳಲ್ಲಿ ಕನ್ನಡ ಅಕ್ಷರಗಳು ಒಳಗೆ ಇಂಗ್ಲಿಷಿನ ಸಂಕೇತಗಳಾಗಿಯೇ ಉಳಿದಿರುತ್ತವೆ. ಆ ಫಾಂಟು ಇಲ್ಲದ ಕಡೆ ಅವನ್ನು ಓದಲಾಗದು, ಯೂನಿಕೋಡಿನಲ್ಲಿ ಟೈಪು ಮಾಡಿ ಹುಡುಕಿದರೂ ಸಿಗವು. ಅಂಥ ಹಳೆಯ ಕಡತಗಳಿದ್ದರೆ ಪರಿವರ್ತಕದ ಮೂಲಕ ಈಗಲೇ ಯೂನಿಕೋಡಿಗೆ ತಂದುಕೊಳ್ಳಿ.

ಯೂನಿಕೋಡಿನಲ್ಲಿಯೂ ತೊಡಕುಗಳಿವೆ. ‘ನೋಟ್‌ಬುಕ್’ ಎಂಬಲ್ಲಿ ಟ್ ಮತ್ತು ಬು ಕೂಡಿ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಅಕ್ಷರವೊಂದು ನಡುವೆ ಕುಳಿತಿರುತ್ತದೆ. ಅದಿಲ್ಲದೆ ಹುಡುಕಿದರೆ ಎಷ್ಟೋ ತಂತ್ರಾಂಶಗಳು ‘ಇಲ್ಲ’ ಎನ್ನುತ್ತವೆ. ಇನಿಶಿಯಲ್ಲುಗಳ ಪಾಡೂ ಇದೇ: ಚುಕ್ಕಿ ಇಟ್ಟು ಒಮ್ಮೆ, ಚುಕ್ಕಿ ಬಿಟ್ಟು ಇನ್ನೊಮ್ಮೆ ಬರೆದರೆ ಒಬ್ಬ ಲೇಖಕರು ಇಬ್ಬರಾಗುತ್ತಾರೆ. ಒಂದು ರೂಪವನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಿ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದರೆ ಸಾಲುಗಳು ತಾವಾಗಿಯೇ ಸರಿಯಾದ ಅನುಕ್ರಮಕ್ಕೆ ಬರುತ್ತವೆ. ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತಾರಾಷ್ಟ್ರೀಯ) ಸಂಖ್ಯೆಗೆ 2007ರಿಂದ ಹದಿಮೂರು ಅಂಕಿಗಳು; ಆ ಅಂಕಣವನ್ನು ‘ಪಠ್ಯ’ ಎಂದು ಮೊದಲೇ ಗೊತ್ತುಮಾಡದಿದ್ದರೆ ಸ್ಪ್ರೆಡ್‌ಶೀಟು ಅದನ್ನೊಂದು ದೊಡ್ಡ ಮೊತ್ತವೆಂದು ತಿಳಿದು ಮೊಟಕುಗೊಳಿಸಿ ತೋರಿಸಿಬಿಡಬಹುದು.

ಕಾವ್ಯನಾಮದ ಮಟ್ಟಿಗೆ, ಶೀರ್ಷಿಕೆ ಪುಟದಲ್ಲಿ ಇರುವಂತೆಯೇ ಒಂದು ಅಂಕಣದಲ್ಲಿ ಬರೆದು, ನೀವು ಸ್ಥಿರಪಡಿಸಿಕೊಂಡ ರೂಪವನ್ನು ಪಕ್ಕದ ಅಂಕಣದಲ್ಲಿ ಕೊಡಿ. ಬೇಂದ್ರೆಯವರು ‘ಅಂಬಿಕಾತನಯದತ್ತ’ ಎಂದೂ ಮಾಸ್ತಿಯವರು ‘ಶ್ರೀನಿವಾಸ’ ಎಂದೂ ಬರೆದವರು. ಎರಡು ಅಂಕಣಗಳಿದ್ದರೆ ಯಾವ ಹೆಸರಿನಿಂದ ಹುಡುಕಿದರೂ ಪುಸ್ತಕ ಸಿಗುತ್ತದೆ. ಪ್ರಾಚೀನ ಕೃತಿಗಳಿಗೆ ಮೂರನೆಯ ಅಂಕಣವೂ ಅಗತ್ಯ, ಸಂಪಾದಕರದು. ನಾವು ಓದುವುದು ಸಂಪಾದಕರು ಹಸ್ತಪ್ರತಿಗಳಿಂದ ಕಟ್ಟಿಕೊಟ್ಟ ಪಾಠವನ್ನು. ನಿಮ್ಮೂರಿನದೇ ಉದಾಹರಣೆ ಹೇಳುವುದಾದರೆ, 1891ರಲ್ಲಿ ಆರಂಭವಾದ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಪ್ರಕಟಿಸಿದರು. ಆಮೇಲೆ ದೊರೆತ ಇತರ ಪ್ರತಿಗಳನ್ನೂ ನೋಡಿ ಆರ್.ಪಿ. ಕಾಂಗ್ಲೆಯವರು ಸಿದ್ಧಪಡಿಸಿದ ಪಾಠ 1960ರಲ್ಲಿ ಬಂತು. ‘ಅರ್ಥಶಾಸ್ತ್ರ ಓದಿದೆ’ ಎಂದಷ್ಟೇ ಬರೆದ ನಮೂದು ಸಂಶೋಧಕರಿಗೆ ಸಾಲದು.

ತಿಂಗಳಿಗೊಮ್ಮೆ ಕಡತದ ನಕಲನ್ನು ಬೇರೆಡೆ ಇಡಿ.

ಪ್ರಶ್ನೆ: ಅರ್ಧಕ್ಕೆ ಬಿಟ್ಟ ಪುಸ್ತಕಗಳನ್ನೂ ದಾಖಲಿಸಬೇಕೆ? ಪುಸ್ತಕಗಳಿಗೆ ಐದಕ್ಕೆ ಇಷ್ಟು ಎಂದು ಅಂಕ ಕೊಡುವುದು ಒಳ್ಳೆಯದೇ?
– ಓದುಗರೊಬ್ಬರು, ಮದ್ದೂರು

ಉತ್ತರ: ಖಂಡಿತ ದಾಖಲಿಸಿ, ಎಲ್ಲಿ ಬಿಟ್ಟಿರಿ, ಏಕೆ ಬಿಟ್ಟಿರಿ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿ. ಮುಗಿಸಿದವುಗಳನ್ನು ಮಾತ್ರ ಬರೆಯುವ ದಾಖಲೆ ಲೆಕ್ಕ ಹೆಚ್ಚಿಸುವ ಚಪಲಕ್ಕೆ ಎಡೆಮಾಡಿ, ತೆಳ್ಳನೆಯ ಪುಸ್ತಕಗಳನ್ನೇ ಆರಿಸುವಂತೆ ಮಾಡುತ್ತದೆ. ಚಾರ್ಲ್ಸ್ ಡಾರ್ವಿನ್ 1838ರಿಂದ 1860ರವರೆಗೆ ಓದಿನ ನೋಟ್‌ಬುಕ್ಕುಗಳನ್ನು ಇಟ್ಟಿದ್ದ. ಓದಿದ ಪುಸ್ತಕಗಳ ಪಟ್ಟಿಯ ಜೊತೆಗೆ ಓದಬೇಕಾದವುಗಳ ಪಟ್ಟಿಯೂ ಅವುಗಳಲ್ಲಿದೆ. ನಿಮ್ಮ ರಿಜಿಸ್ಟರಿನಲ್ಲಿಯೂ ಓದಬೇಕಾದವುಗಳಿಗೆ ಕೆಲವು ಪುಟ ಮೀಸಲಿಟ್ಟು, ಅರ್ಧಕ್ಕೆ ಬಿಟ್ಟದ್ದನ್ನು ಮತ್ತೆ ನೋಡಬೇಕೆನಿಸಿದರೆ ಅಲ್ಲಿಗೆ ಸೇರಿಸಿ. ಅಂಕ ಕೊಡುವುದರಿಂದ ಪ್ರಯೋಜನ ಕಡಿಮೆ. ಕಬ್ಬಿನ ರೋಗಗಳ ಕೈಪಿಡಿಗೂ ಕವನಸಂಕಲನಕ್ಕೂ ನಾಲ್ಕು ಅಂಕ ಬಂದರೆ ಅದರಿಂದ ಯಾರಿಗೆ ಏನು ತಿಳಿಯಿತು?

ಪ್ರಶ್ನೆ: ಮನೆಯಲ್ಲಿ ಅಜ್ಜನ ಕಾಲದ ಪುಸ್ತಕಗಳಿವೆ. ಕೆಲವದರಲ್ಲಿ ‘ಕ್ರೋಧಿ ಸಂವತ್ಸರ’ ಎಂದಷ್ಟೇ ಇದೆ, ಕೆಲವದರಲ್ಲಿ ಏನೂ ಇಲ್ಲ. ವರ್ಷವನ್ನು ಹೇಗೆ ಬರೆಯಲಿ?
– ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಹೆಸರೊಂದೇ ಸಾಲದು. ಕ್ರೋಧಿ ಬಂದದ್ದು 1904–05ರಲ್ಲಿ, 1964–65ರಲ್ಲಿ, ಮತ್ತೆ 2024–25ರಲ್ಲಿ. ಯುಗಾದಿಯಿಂದ ಯುಗಾದಿಗೆ ಎಣಿಸುವುದರಿಂದ ಎರಡೆರಡು ಇಸವಿಗಳನ್ನು ಬರೆಯಬೇಕಾಗುತ್ತದೆ. ಶಕವರ್ಷ ಕೊಟ್ಟಿದ್ದರೆ ಅದಕ್ಕೆ 78 ಕೂಡಿಸಿ; ಜನವರಿಯಿಂದ ಯುಗಾದಿಯೊಳಗಿನ ತಿಥಿಯಾಗಿದ್ದರೆ 79.

ಉಳಿದದ್ದಕ್ಕೆ ಪುಸ್ತಕವೇ ಸಾಕ್ಷಿ ಹೇಳುತ್ತದೆ. ಬೆಲೆ ಆಣೆಗಳಲ್ಲಿದ್ದರೆ ಅದು ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು, ಏಕೆಂದರೆ ಆ ತಿಂಗಳಿನಿಂದ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂತು. ‘ನಯಾಪೈಸೆ’ ಎಂದಿದ್ದರೆ ಅನಂತರದ್ದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಬಳಿಕದ ಮುದ್ರಣ. ರಾಜ್ಯದ ಹೆಸರು 1973ರ ನವೆಂಬರ್ 1ರಂದು ಕರ್ನಾಟಕ ಎಂದಾಯಿತು, ಆದುದರಿಂದ ‘ಮೈಸೂರು ರಾಜ್ಯ’ ಎಂಬುದು ಸಾಮಾನ್ಯವಾಗಿ ಅದಕ್ಕೂ ಹಿಂದಿನ ಗುರುತು. ಹಳೆಯ ಅಚ್ಚುಮೊಳೆಗಳಿಂದಲೇ ಮರುಮುದ್ರಣವಾದಲ್ಲಿ ಮಾತ್ರ ಎಚ್ಚರ ಬೇಕು. ಮುನ್ನುಡಿಯ ಕೆಳಗಿನ ತಾರೀಖನ್ನೂ ಒಳರಟ್ಟಿನ ಮೇಲೆ ಅಜ್ಜನವರು ಕೈಯಿಂದ ಬರೆದದ್ದೇನಾದರೂ ಇದ್ದರೆ ಅದನ್ನೂ ನೋಡಿ. ಹೀಗೆ ಊಹಿಸಿದ ವರ್ಷವನ್ನು ಗ್ರಂಥಪಾಲಕರ ರೂಢಿಯಂತೆ ಚೌಕ ಕಂಸದೊಳಗೆ ಪ್ರಶ್ನಾರ್ಥಕ ಚಿಹ್ನೆಯೊಡನೆ, [1904?] ಎಂಬ ರೀತಿಯಲ್ಲಿ ಬರೆದು, ಯಾವ ಗುರುತಿನಿಂದ ಊಹಿಸಿದಿರಿ ಎಂಬುದನ್ನು ಪಕ್ಕದಲ್ಲಿ ಒಂದೆರಡು ಮಾತಿನಲ್ಲಿ ಸೇರಿಸಿ.