ನಾಲ್ವರು ಬಿಟ್ಟರು, ಒಬ್ಬ ಬಿಡಲಿಲ್ಲ

ಓದುಗರ ಪತ್ರ: ಹಾಸ್ಟೆಲಿನಲ್ಲಿ ನನ್ನ ತಮ್ಮನ ಜೊತೆ ಗಾಂಜಾ ಸೇದುತ್ತಿದ್ದ ನಾಲ್ವರೂ ಮೂವತ್ತು ತುಂಬುವುದರೊಳಗೆ ಯಾವ ಚಿಕಿತ್ಸೆಯೂ ಇಲ್ಲದೆ ಬಿಟ್ಟರು. ತಮ್ಮ ಈಗಲೂ ದಿನಾ ರಾತ್ರಿ ಸೇದುತ್ತಾನೆ. ಅವನಿಗೆ ಮನೋಬಲವಿಲ್ಲವೆ?

ಸಂಪಾದಕರ ಉತ್ತರ: ಮನೋಬಲದ ಮಾತು ಬದಿಗಿರಲಿ. ಆ ನಾಲ್ವರೂ ಪಣ ತೊಟ್ಟು ಬಿಟ್ಟಿರಲಾರರು. ಸೇದುವ ಸಂಜೆಗಳೇ ಅವರ ಕೈತಪ್ಪಿ ಹೋಗಿರಬೇಕು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 1975ರಿಂದ ಹೈಸ್ಕೂಲಿನ ಕೊನೆಯ ವರ್ಷದವರನ್ನು ಪ್ರಶ್ನಿಸುತ್ತ, ಕೆಲವರನ್ನು ನಡುವಯಸ್ಸಿನವರೆಗೂ ವಿಚಾರಿಸುತ್ತ ಬಂದಿದ್ದಾರೆ. ಅಲ್ಲಿ ಮದುವೆಯಾದವರಲ್ಲಿ ಗಾಂಜಾ ಬಳಕೆ ಇಳಿಯಿತು, ಅದೂ ನಿಶ್ಚಿತಾರ್ಥದ ಹೊತ್ತಿಗೇ ಶುರುವಾಗಿ. ಬಸುರಿಯರಲ್ಲಿ ಇನ್ನೂ ಇಳಿಯಿತು. ವಿಚ್ಛೇದನವಾದವರಲ್ಲಿ ಮತ್ತೆ ಏರಿತು. ‘ಮದುವೆ ಮಾಡಿ, ಸರಿಹೋಗ್ತಾನೆ’ ಎನ್ನುವವರು ಈ ಕೊನೆಯ ಸಂಗತಿಯನ್ನೂ ಓದಬೇಕು. ಹುಡುಗನ ಚಟಕ್ಕೆ ಹುಡುಗಿಯನ್ನು ಮದ್ದು ಮಾಡುವುದು ನಮಗೆ ಒಪ್ಪಿಗೆಯಿಲ್ಲ.

ನಿಮ್ಮ ತಮ್ಮನ ವಿಷಯಕ್ಕೆ ಹತ್ತಿರವಾದದ್ದು ನ್ಯೂಯಾರ್ಕಿನ ಸಂಶೋಧಕಿ ಡೆನಿಸ್ ಕ್ಯಾಂಡೆಲ್ ಕಂಡುಕೊಂಡದ್ದು: ಗೆಳೆಯರ ಜೊತೆಗೆಂದು ಸೇದುವವರು ಬೇಗ ಬಿಡುತ್ತಾರೆ, ಮನಸ್ಸಿನ ಸ್ಥಿತಿ ಬದಲಿಸಿಕೊಳ್ಳಲು ಸೇದುವವರು ಮುಂದುವರಿಸುತ್ತಾರೆ. ಗುಂಪು ಚದುರಿದರೆ ಮೊದಲನೆಯವರಿಗೆ ಕಾರಣವೇ ಉಳಿಯದು. ಒಬ್ಬನೇ, ರಾತ್ರಿ, ನಿದ್ದೆಗೆಂದು ಸೇದುವವನಿಗೆ ಯಾರು ಚದುರಬೇಕು?

ಅವನು ‘ಬಿಟ್ಟರೆ ನಿದ್ದೆ ಬರಲ್ಲ’ ಎಂದರೆ ಅದು ನೆಪವಲ್ಲ. ದಿನಾ ಸೇದುವವರು ನಿಲ್ಲಿಸಿದ ಒಂದರಿಂದ ಮೂರು ದಿನದೊಳಗೆ ಸಿಡುಕು, ಊಟ ಸೇರದಿರುವುದು, ನಿದ್ದೆಗೇಡು ಶುರುವಾಗುತ್ತವೆ. ಮೊದಲ ವಾರ ಜೋರು, ಎರಡನೆಯ ವಾರ ಇಳಿಮುಖ. ನಿದ್ದೆಯ ತೊಂದರೆ, ಬೆಚ್ಚಿಬೀಳಿಸುವ ಕನಸು ತಿಂಗಳು ದಾಟಿದರೂ ಆಶ್ಚರ್ಯವಿಲ್ಲ. ಬಹಳ ಜನ ಮೂರನೆಯ ರಾತ್ರಿಯೇ ಸೋಲುತ್ತಾರೆ, ಒಂದು ದಮ್ಮಿಗೆ ನಿದ್ದೆ ಬರುತ್ತದೆ, ‘ನೋಡು, ನನಗಿದು ಬೇಕೇ ಬೇಕು’ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಆದ್ದರಿಂದ ನಿಲ್ಲಿಸಿದ ಮೊದಲ ಹತ್ತು ದಿನ ಪರೀಕ್ಷೆ, ರಾತ್ರಿಪಾಳಿ ಇಲ್ಲದ ಕಡೆಗೆ ಬೀಳುವಂತೆ ಬಿಡುವ ದಿನ ಗೊತ್ತುಮಾಡಿಕೊಳ್ಳಲಿ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಗಾಂಜಾ ಬದಲು ಎರಡು ಪೆಗ್ ಅಂತೂ ಬೇಡವೇ ಬೇಡ.

ಇನ್ನೊಂದನ್ನು ಗಮನಿಸಿ. ಸಿಗರೇಟಿನ ತಂಬಾಕು ಅಂಗೈಗೆ ಉದುರಿಸಿ, ಗಾಂಜಾ ಸೊಪ್ಪು ಬೆರೆಸಿ ಮತ್ತೆ ತುಂಬುವ ಅಭ್ಯಾಸವಿದ್ದರೆ ಅವನದು ಎರಡು ಚಟ. ಬೆಳಿಗ್ಗೆ ಎದ್ದೊಡನೆ ಕಾಡುವುದು ಎಷ್ಟೋ ಸಲ ತಂಬಾಕಿನ ನಿಕೋಟಿನ್. ಅದಕ್ಕೆ ಬೇರೆ ಮದ್ದುಂಟು, ವೈದ್ಯರಿಗೆ ಬಿಡಿಸಿ ಹೇಳಬೇಕು.

ಯಾರೋ ಹಿಂಬಾಲಿಸುತ್ತಿದ್ದಾರೆ ಎನ್ನುವುದು, ಇಲ್ಲದ ದನಿ ಕೇಳುವುದು ಕಂಡರೆ ಕಾಯದೆ ಮನೋವೈದ್ಯರ ಬಳಿ ಕರೆದೊಯ್ಯಿರಿ. ಉಳಿದಂತೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ನೀವೇ ಮೊದಲು ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.